ಮುತ್ತಜ್ಜನ ಪಿಂಚಣಿ ಹುಡುಕಿದ್ದು: ದುಡ್ಡು ಕೊಟ್ಟ ವೆಬ್‌ಸೈಟೋ, ಮೆಡಲ್ಲಿನ ಅಂಚೋ, ಬೆಂಗಳೂರಿನ ಕಡತವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಸರ್ಕಾರಿ ಕಡತಗಳನ್ನು ಇಟ್ಟಿರುವ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ. ಆದರೆ ಅಲ್ಲಿಗೆ ಹೋಗುವ ಹೊತ್ತಿಗೆ ನಾನು ಬೇರೆ ಕಡೆ ದುಡ್ಡು ಸುರಿದು, ಐದು ತಿಂಗಳು ಕಳೆದಿದ್ದೆ. ಆ ತಪ್ಪು ಇನ್ನೊಬ್ಬರು ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮುತ್ತಜ್ಜ ಖಂಡೋಜಿರಾವ್ ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದರು. ಮನೆಯ ಕಥೆ ಏನೆಂದರೆ, ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾದಲ್ಲಿ ಈಟಿ ಹಿಡಿದು ಕುದುರೆ ಓಡಿಸಿದವರಲ್ಲಿ ಅವರೂ ಒಬ್ಬರು. ಜೋಧಪುರದವರು ಊರಿನ ಮೇಲೆ ನುಗ್ಗಿದರು, ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳನ್ನು ಹಿಡಿಯಿತು. ಇಷ್ಟು ಎಲ್ಲರಿಗೂ ಗೊತ್ತಿರುವ ಇತಿಹಾಸ. ಆ ಬೆಟ್ಟದ ಮೇಲೆ ಮುತ್ತಜ್ಜನನ್ನು ಹತ್ತಿಸಿದ್ದು ಮಾತ್ರ ನಮ್ಮ ದೊಡ್ಡಪ್ಪ. ಕಾಗದ ಒಂದೂ ಇರಲಿಲ್ಲ.

ನಾನು ಮೊದಲು ಮಾಡಿದ್ದು ವಿದೇಶಿ ವಂಶಾವಳಿ ವೆಬ್‌ಸೈಟೊಂದಕ್ಕೆ ಮೂರು ತಿಂಗಳ ಚಂದಾ ಕಟ್ಟಿದ್ದು. ನಾಲ್ಕು ಸಾವಿರದ ಚಿಲ್ಲರೆ ಹೋಯ್ತು. ಲಕ್ಷಾಂತರ ಸೇನಾ ದಾಖಲೆಗಳಿವೆ ಅಂತ ಜಾಹೀರಾತು. ಇವೆ, ಸುಳ್ಳಲ್ಲ. ಆದರೆ ಬಹುಪಾಲು ಬ್ರಿಟಿಷ್ ಸೈನಿಕರದ್ದು. ಅವರ ಸೇವಾ ಕಾಗದಗಳಲ್ಲೂ ಹೆಚ್ಚಿನವು 1940ರ ಬಾಂಬ್ ದಾಳಿಯಲ್ಲಿ ಲಂಡನ್ನಿನಲ್ಲಿ ಸುಟ್ಟುಹೋದವು. ಸುಟ್ಟು ಉಳಿದ ಹಾಳೆಗಳ ಸ್ಕ್ಯಾನ್‌ಗಳನ್ನು ಸುಮ್ನೆ ನೋಡುತ್ತಾ ಎಷ್ಟೋ ರಾತ್ರಿ ಕಳೆದೆ. ನಮ್ಮವರು ಅಲ್ಲಿ ಯಾಕಿರುತ್ತಾರೆ ಅಂತ ಒಂದು ಸಲವೂ ಯೋಚಿಸಲಿಲ್ಲ.

ಅದೇ ಮುಖ್ಯ ವಿಷಯ. ಮೈಸೂರು ಲ್ಯಾನ್ಸರ್ಸ್ ಬ್ರಿಟಿಷ್ ಇಂಡಿಯಾದ ಸೇನೆಯ ರೆಜಿಮೆಂಟ್ ಅಲ್ಲ. ಅದು ಇಂಪೀರಿಯಲ್ ಸರ್ವಿಸ್ ಪಡೆ. ಅಂದರೆ ಸಂಸ್ಥಾನ ತನ್ನ ಖರ್ಚಿನಲ್ಲಿ ಸಾಕಿಕೊಂಡು, ಯುದ್ಧ ಬಂದಾಗ ಸಾಮ್ರಾಜ್ಯಕ್ಕೆ ಕಳಿಸುತ್ತಿದ್ದ ಪಡೆ. ಅದಕ್ಕೂ ಹಿಂದೆ ಇದ್ದದ್ದು ಸಿಲ್ಲೇದಾರ್ ಪಡೆ, ಕುದುರೆ ಸಮೇತ ಬಂದು ಸೇರುವವರದ್ದು. ಸಂಬಳ ಕೊಟ್ಟಿದ್ದು ಮೈಸೂರು, ಪಿಂಚಣಿ ಕೊಟ್ಟಿದ್ದೂ ಮೈಸೂರು. ಹಾಗಿದ್ದ ಮೇಲೆ ಕಾಗದ ಲಂಡನ್ನಿನಲ್ಲಿ ಯಾಕಿರುತ್ತೆ?

ಈಗ ನನ್ನ ತಲೆ ತಿಂದ ವಿಷಯಕ್ಕೆ ಬರುತ್ತೇನೆ. ಹೆಸರಿನ ಸ್ಪೆಲ್ಲಿಂಗ್. ಖಂಡೋಜಿ ಅನ್ನುವುದನ್ನು ಇಂಗ್ಲಿಷಿನಲ್ಲಿ ಎಷ್ಟು ಥರ ಬರೆಯಬಹುದು ಅಂತ ನಾನು ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಶುರುವಿನಲ್ಲಿ ಕೆಎಚ್, ಬರೀ ಕೆ, ಇಲ್ಲವೇ ಸಿ. ಆಮೇಲೆ ಬರುವ ಅಕ್ಷರ ಎ ಅಥವಾ ಯು. ಆಗಿನವರು 'ಅ' ಬರೆಯುವ ಎಷ್ಟೋ ಕಡೆ ಯು ಹಾಕುತ್ತಿದ್ದರು. ಪಂಜಾಬ್ ಬರೆಯುವಾಗ ನಾವು ಈಗಲೂ ಹಾಕುತ್ತೇವಲ್ಲ, ಹಾಗೆ. ಕೊನೆಗೆ ಜೆಐ ಅಥವಾ ಜೆಇಇ. ನಡುವಿನ 'ಡೋ'ಗೆ ಒಂದು ಓ ಅಥವಾ ಎರಡು ಓ. ಗುಣಿಸಿದರೆ ಇಪ್ಪತ್ನಾಲ್ಕು. ಅದಕ್ಕೆ 'ರಾವ್' ಬೇರೆ. ಸರ್ ಟಿ. ಮಾಧವರಾಯರಂಥ ದಿವಾನರ ಹೆಸರಿಗೇ ಆಗ ಆರ್-ಓ-ಡಬ್ಲ್ಯೂ ಅಂತ ಬರೆಯುತ್ತಿದ್ದರು. ಇನ್ನು ಒಬ್ಬ ಸಾಮಾನ್ಯ ಸಿಪಾಯಿಯ ಪಾಡೇನು! ಇಪ್ಪತ್ನಾಲ್ಕು ನಲವತ್ತೆಂಟಾಯ್ತು. 'ರಾವ್' ಬಿಟ್ಟು ಬರೆದಿದ್ದರೆ? ಎಪ್ಪತ್ತೆರಡು.

ಎಪ್ಪತ್ತೆರಡನ್ನೂ ಆ ವೆಬ್‌ಸೈಟಿನಲ್ಲಿ ಒಂದೊಂದಾಗಿ ಹಾಕಿದೆ. ಅದರ ಹುಡುಕಾಟಕ್ಕೆ 'ಹೆಚ್ಚುಕಮ್ಮಿ ಇದೇ ಥರದ ಹೆಸರು' ಅನ್ನುವ ಆಯ್ಕೆ ಇದೆ. ಆದರೆ ಅದಕ್ಕೆ ಗೊತ್ತಿರುವುದು ಇಂಗ್ಲಿಷ್ ಹೆಸರುಗಳು. ಸ್ಮಿತ್ ಅಂದರೆ ಸ್ಮೈತ್ ತೋರಿಸುತ್ತೆ. ಖಂಡೋಜಿ ಅಂದರೆ ಯಾರೋ ಕೆಂಡಲ್‌ನನ್ನು ತಂದು ನಿಲ್ಲಿಸುತ್ತೆ. ಮೇಲಾಗಿ ಅಲ್ಲಿ 'ಕೊನೆಯ ಹೆಸರು' ಕಡ್ಡಾಯ. ನಮ್ಮವರಿಗೆ ಕೊನೆಯ ಹೆಸರು ಎಲ್ಲಿತ್ತು? ಅಪ್ಪನ ಹೆಸರಿತ್ತು, ಊರಿನ ಹೆಸರಿತ್ತು, ಅಷ್ಟೇ. ಎರಡನೇ ತಿಂಗಳ ಕೊನೆಗೆ ಒಂದು ರಾತ್ರಿ 'ರಾವ್'ನ್ನೇ ಮೊದಲ ಹೆಸರಿನ ಜಾಗಕ್ಕೆ ಹಾಕಿ ನೋಡಿದೆ. ಮುನ್ನೂರು ಜನ ಬಂದರು. ಒಬ್ಬರೂ ಮೈಸೂರಿನವರಲ್ಲ.

ಇದರ ಜೊತೆಗೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ತಾಣವನ್ನೂ ನೋಡಿದೆ. ಪುಕ್ಕಟೆ, ಚೆನ್ನಾಗಿದೆ, ರೆಜಿಮೆಂಟಿನ ಹೆಸರಿನಲ್ಲೂ ಹುಡುಕಬಹುದು. ಆದರೆ ಮೊದಲ ಮಹಾಯುದ್ಧದವರಲ್ಲಿ ಅಲ್ಲಿರುವವರು 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರ ಒಳಗೆ ತೀರಿಕೊಂಡವರು ಮಾತ್ರ. ನಮ್ಮ ಮುತ್ತಜ್ಜ ವಾಪಸ್ ಬಂದು, ನಾಲ್ಕು ಮಕ್ಕಳನ್ನು ಮಾಡಿ, ಪಿಂಚಣಿ ತಿಂದು ಸತ್ತವರು. ನಿಮ್ಮವರು ಅಲ್ಲೇ ಉಳಿದುಬಿಟ್ಟವರಾದರೆ ಇಲ್ಲಿಂದಲೇ ಶುರುಮಾಡಿ. ಬೆಂಗಳೂರಿನ ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕವನ್ನೂ ಒಮ್ಮೆ ನೋಡಿ ಬನ್ನಿ.

ಅಭಿಲೇಖ ಪಟಲ್ ಅಂತ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ತಾಣವಿದೆ. ದುಡ್ಡಿಲ್ಲ, ಹೆಸರು ನೋಂದಾಯಿಸಿದರೆ ಸಾಕು. ಫಾರಿನ್ ಅಂಡ್ ಪೊಲಿಟಿಕಲ್ ಇಲಾಖೆಯ ಕಡತಗಳಲ್ಲಿ ಇಂಪೀರಿಯಲ್ ಸರ್ವಿಸ್ ಪಡೆಗಳ ಪತ್ರವ್ಯವಹಾರ ಬೇಕಾದಷ್ಟಿದೆ. ಕುದುರೆ ಎಷ್ಟು, ತನಿಖೆಗೆ ಯಾರು ಬಂದರು, ಯಾವ ಅಧಿಕಾರಿಗೆ ಯಾವ ಬಿರುದು, ಎಲ್ಲ ಇದೆ. ಸಿಪಾಯಿಯ ಹೆಸರು ಇಲ್ಲ. ಅಮೆರಿಕದಲ್ಲೋ ದುಬೈಯಲ್ಲೋ ಕೂತು ಹುಡುಕುವವರಿಗೆ ಇದು ಪರವಾಗಿಲ್ಲ. ನನಗೆ ಓದಲು ಖುಷಿಯಾಯ್ತು, ಕೆಲಸ ಆಗಲಿಲ್ಲ.

ಬಾಗಿಲು ತೆರೆದಿದ್ದು ಮೆಡಲ್ಲು. ಅದು ಮನೆಯಲ್ಲೇ ಇತ್ತು! ಅತ್ತೆಯ ದೇವರಕೋಣೆಯಲ್ಲಿ, ಬೆಳ್ಳಿ ದೀಪದ ಪಕ್ಕ. ಮೊದಲ ಮಹಾಯುದ್ಧದ ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್. ಒಂದು ಕಡೆ ಐದನೇ ಜಾರ್ಜ್ ತಲೆ. ಪಡೆದವರ ನಂಬರು, ಹುದ್ದೆ, ಹೆಸರು, ಪಡೆ ಇಷ್ಟನ್ನೂ ಅದರ ಅಂಚಿನಲ್ಲಿ ಕೊರೆದಿರುತ್ತಾರೆ. ಮುಖ ನೋಡಬೇಡಿ, ಅಂಚು ನೋಡಿ. ನಾವು ತೊಂಬತ್ತು ವರ್ಷ ಮುಖ ನೋಡಿದ್ದೇವೆ.

ಕಷ್ಟ ಏನೆಂದರೆ, ಅತ್ತೆ ಪ್ರತಿ ಹಬ್ಬಕ್ಕೂ ದೀಪದ ಜೊತೆ ಅದನ್ನೂ ವಿಭೂತಿ ಹಾಕಿ ಉಜ್ಜಿದ್ದಾರೆ. ಅದಕ್ಕೂ ಮುಂಚೆ ಅಜ್ಜಿ ಉಜ್ಜಿದ್ದಾರೆ. ಜಾರ್ಜ್ ದೊರೆಯ ಮೂಗೇ ಸವೆದಿದೆ. ಅಂಚಿನ ಅಕ್ಷರ ಕಣ್ಣಿಗೆ ಕಾಣಲಿಲ್ಲ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕುತ್ತಿದ್ದೆವಲ್ಲ, ಹಾಗೆ ಮಾಡಿದೆ. ಹುದ್ದೆ ಹೋಗಿತ್ತು. ನಾಲ್ಕಂಕಿಯ ನಂಬರು ಬಂತು. ಹೆಸರಿನ ಮೊದಲ ಅಕ್ಷರ ಬಂತು. ಅದು ಸಿ! ನನ್ನ ಎಪ್ಪತ್ತೆರಡರಲ್ಲಿ ಕೊನೆಗೆ ಬರೆದಿದ್ದ ಸಾಲು.

"ಇನ್ನು ಉಜ್ಜಬೇಡಿ ಅತ್ತೆ" ಅಂದೆ. "ಕಪ್ಪಾಗುತ್ತಲ್ಲೋ" ಅಂದರು. ಆಗಲಿ ಬಿಡಿ ಅಂದೆ.

ಆ ನಂಬರು ಹಿಡಿದು ಪತ್ರಾಗಾರಕ್ಕೆ ಹೋದೆ. ನಾನಿರುವುದು ತುಮಕೂರಿನಲ್ಲಿ. ಬೆಳಗಿನ ರೈಲು, ಸಂಜೆ ವಾಪಸ್, ಹೀಗೆ ಆರು ದಿನ ರಜೆ ಹೋಯ್ತು. ಇಲ್ಲಿ ತಿಳಿಯಬೇಕಾದ್ದು ಒಂದೇ: ಹಳೇ ಮೈಸೂರು ಸರ್ಕಾರದ ಕಡತಗಳ ಸೂಚಿ ವಿಷಯವಾರು, ವರ್ಷವಾರು ಇರುತ್ತೆ. ಜನರ ಹೆಸರಿನ ಪ್ರಕಾರ ಇರುವುದಿಲ್ಲ. ಮೊದಲ ದಿನ ನಾನು ಹೆಸರು ಹೇಳಿದಾಗ ಸಿಬ್ಬಂದಿಯೊಬ್ಬರು ನಕ್ಕು, "ಯಾವ ವರ್ಷ ರಿಟೈರ್ ಆದರು ಹೇಳಿ ಸಾರ್, ಹೆಸರು ಆಮೇಲೆ" ಅಂದರು. ಐದು ತಿಂಗಳಲ್ಲಿ ನನಗೆ ಸಿಕ್ಕ ಬುದ್ಧಿಮಾತು ಅದೊಂದೇ.

ಸ್ಪೆಲ್ಲಿಂಗಿನ ಜಗಳ ಅಲ್ಲಿಗೆ ಮುಗಿಯಿತು. ಮಿಲಿಟರಿ ವಿಭಾಗದ ಸೂಚಿಯಲ್ಲಿ ಯುದ್ಧ ಮುಗಿದ ನಂತರದ ವರ್ಷಗಳನ್ನು ಹಿಡಿದು, ಲ್ಯಾನ್ಸರ್ಸ್‌ನವರ ಪಿಂಚಣಿ ಮಂಜೂರಾತಿ ಅನ್ನುವ ಕಡತಗಳನ್ನೆಲ್ಲ ಒಂದೊಂದಾಗಿ ತರಿಸಿದೆ. ಐದನೇ ದಿನ ಒಂದು ಕಡತದ ಕೊನೆಯಲ್ಲಿ ಲಗತ್ತಿಸಿದ ಪಟ್ಟಿ ಸಿಕ್ಕಿತು. ಹೆಸರಿನ ಕಾಲಂ ಮುಚ್ಚಿ ನಂಬರಿನ ಕಾಲಂ ಮೇಲೆ ಬೆರಳಿಟ್ಟು ಇಳಿದೆ. ಎರಡನೇ ಹಾಳೆಯಲ್ಲಿ ಸಿಕ್ಕಿಬಿಟ್ಟರು. ಹೆಸರು ಬರೆದಿದ್ದ ರೀತಿ ನನ್ನ ಎಪ್ಪತ್ತೆರಡರಲ್ಲೂ ಇರಲಿಲ್ಲ. ಸಿಯಿಂದ ಶುರುವಾಗಿ, 'ಡೋ' ಬಿಟ್ಟು, ಕ್ಯಾಂಜಿ ಅಂತ ಓದಿಸುತ್ತಿತ್ತು.

ಜೊತೆಗೆ ಚಹರೆಪಟ್ಟಿ. ಅಪ್ಪನ ಹೆಸರು, ಊರು, ತಾಲೂಕು, ಎತ್ತರ, ಹೆಬ್ಬೆಟ್ಟಿನ ಗುರುತು, ಪಿಂಚಣಿ ಪಡೆಯುವ ತಾಲೂಕು ಖಜಾನೆ. ಗುರುತಿನ ಚಿಹ್ನೆ: ಬಲ ಮುಂಗೈ ಮೇಲೆ ಸುಟ್ಟ ಕಲೆ. ಹುದ್ದೆ: ನಾಲ್‌ಬಂದ್.

ಅಂದರೆ ಕುದುರೆಗೆ ಲಾಳ ಹೊಡೆಯುವವರು. ಈಟಿ ಹಿಡಿದ ಸವಾರ ಅಲ್ಲ. ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದೆ. "ಅದು ಬೇರೆ ಯಾರೋ ಇರಬೇಕು, ಸರಿಯಾಗಿ ನೋಡು" ಅಂದರು. ಅಪ್ಪನ ಹೆಸರು, ಊರು ಎರಡೂ ಹೊಂದುತ್ತೆ ಅಂದೆ. "ಗುಮಾಸ್ತರು ತಪ್ಪು ಬರೆದಿರುತ್ತಾರೆ. ಹೆಸರೇ ಕ್ಯಾಂಜಿ ಅಂತ ಬರೆದವರು ಹುದ್ದೆ ಸರಿಯಾಗಿ ಬರೆಯುತ್ತಾರಾ?" ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಸುಟ್ಟ ಕಲೆ? ಕುಲುಮೆ ಮುಂದೆ ಕೂರುವವರ ಮುಂಗೈ ಅದು. ಈಜಿಪ್ಟಿನ ಮರಳಿನಿಂದ ಹೈಫಾವರೆಗೆ ಆ ಕುದುರೆಗಳು ಬರಿಗಾಲಲ್ಲಿ ಹೋದವಾ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ.

ಇನ್ನು ನೀವು ಯಾವುದನ್ನು ಹಿಡಿಯಬೇಕು? ಮೈಸೂರು ಸಂಸ್ಥಾನದ ಪಡೆಯವರಾದರೆ, ರಜೆ ಹಾಕಲು ಆಗುವುದಾದರೆ, ಮನೆಯ ಟ್ರಂಕು ತಡಕಾಡಿ ನೇರ ಪತ್ರಾಗಾರಕ್ಕೆ ಹೋಗಿ. ಬೆಂಗಳೂರಿನ ಸ್ಯಾಪರ್ಸ್‌ನಂಥ (ಸೇನೆಯ ಎಂಜಿನಿಯರ್ ದಳ) ಬ್ರಿಟಿಷ್ ಇಂಡಿಯಾದ ಪಡೆಯವರಾದರೆ ನನ್ನ ದಾರಿ ಕೆಲಸಕ್ಕೆ ಬಾರದು, ಆ ಪಡೆಯ ರೆಕಾರ್ಡ್ಸ್ ಕಚೇರಿಗೆ ಬರೆಯಿರಿ. ರಾತ್ರಿ ಹೊತ್ತು ಮಾತ್ರ ಬಿಡುವು, ದುಡ್ಡಿಗೆ ತೊಂದರೆ ಇಲ್ಲ ಅನ್ನುವವರು ಆ ವೆಬ್‌ಸೈಟಿಗೆ ಚಂದಾ ಕಟ್ಟಿ ನೋಡಬಹುದು. ನಾನಂತೂ ಇನ್ನೊಮ್ಮೆ ಕಟ್ಟುವುದಿಲ್ಲ.

ರೈಲು, ಊಟ, ಪ್ರತಿಗಳ ಶುಲ್ಕ ಎಲ್ಲ ಸೇರಿ ಪತ್ರಾಗಾರದ ಖರ್ಚು ಎರಡು ಸಾವಿರ ದಾಟಲಿಲ್ಲ. ಕಡತದಲ್ಲಿ ಇನ್ನೊಂದು ಹೆಸರಿನ ಮುಂದೆ 'ಫೌತಿ', ಅಂದರೆ ತೀರಿಕೊಂಡರು, ಅಂತ ಬರೆದಿತ್ತು. ನಮ್ಮ ಮುತ್ತಜ್ಜನ ಮುಂದೆ ಇರಲಿಲ್ಲ. ಅವರು ಎಲ್ಲಿಯವರೆಗೆ ಪಿಂಚಣಿ ತೆಗೆದುಕೊಂಡರು ಅಂತ ನೋಡಲು ಮುಂದಿನ ತಿಂಗಳು ಖಜಾನೆಯ ಹಳೇ ಪುಸ್ತಕಗಳ ಬೆನ್ನು ಹತ್ತಬೇಕು. ಈ ಸಲ ನಂಬರು ಬಾಯಿಪಾಠ ಆಗಿದೆ.