ಕೋಳಿ ಸಾಕುವವರೇ, ಈ ‘ನ್ಯಾಚುರಲ್’ ಪುಡಿ ಮೂಟೆ ಬಗ್ಗೆ ಹುಷಾರು

ಅಂಕೋಲಾ, ಕುಮಟಾ, ಕಾರವಾರ ಕಡೆ ಹಿತ್ತಲಲ್ಲಿ ಕೋಳಿ ಸಾಕಿಕೊಂಡಿರುವವರಿಗೆ ಒಂದು ಮಾತು. ಘಟ್ಟದ ಮೇಲಿಂದ ಅನಾನಸ್ ಸಿಪ್ಪೆ, ರಸ ಹಿಂಡಿದ ಹಿಪ್ಪೆ ಒಣಗಿಸಿ ಮಾಡಿದ ಪುಡಿಯನ್ನು ಮೂಟೆಯಲ್ಲಿ ತಂದು ಮಾರುತ್ತಿದ್ದಾರೆ. ಫೀಡಿಗೆ ಬೆರೆಸಿದರೆ ಔಷಧಿ ಬೇಡ, ಮೊಟ್ಟೆ ಜಾಸ್ತಿ, ಫೀಡ್ ಖರ್ಚು ಅರ್ಧ ಅಂತೆಲ್ಲ ಹೇಳುತ್ತಾರೆ. ಮಳೆಗಾಲದಲ್ಲಂತೂ ಮುಟ್ಟಬೇಡಿ.

ನಮ್ಮ ಮನೆಗೆ ಮೂಟೆ ಬಂದದ್ದು ಜುಲೈನಲ್ಲಿ. ಮೇಲಿನ ಪುಡಿ ಚೆನ್ನಾಗೇ ಇತ್ತು, ಘಮ್ ಅಂತಿತ್ತು. ಅರ್ಧ ಖಾಲಿಯಾದ ಮೇಲೆ ನೋಡಿದರೆ ಕೆಳಗೆ ಗಟ್ಟಿ ಹೆಂಟೆ, ಒಡೆದರೆ ಒಳಗೆ ಹಸಿರು ಹಳದಿ ಬೂಸ್ಟು, ಮುಗ್ಗಲು ವಾಸನೆ. ಅಷ್ಟರಲ್ಲಿ ಗಿರಿರಾಜ ಕೋಳಿಗಳು ತಿನ್ನುವುದನ್ನೇ ಬಿಟ್ಟಿದ್ದವು. ಜುಟ್ಟು ಬಿಳಿಚಿಕೊಂಡು, ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿದವು, ಮೊಟ್ಟೆ ನಿಂತಿತು, ಆಮೇಲೆ ಒಂದೊಂದಾಗಿ ಸಾಯತೊಡಗಿದವು. ಕೊಕ್ಕರೆ ರೋಗ ಅಂತ ಎಲ್ಲರೂ ಹೇಳಿದರು, ಆದರೆ ಅದಕ್ಕೆ ಲಸಿಕೆ ಹಾಕಿಸಿಯಾಗಿತ್ತು. ಪಶು ಡಾಕ್ಟರು ಸತ್ತ ಕೋಳಿಯನ್ನು ಕೊಯ್ದು ತೋರಿಸಿದರು. ಕಡು ಕೆಂಪಗಿರಬೇಕಾದ ಲಿವರ್ ಹಳದಿಯಾಗಿ ಊದಿಕೊಂಡಿತ್ತು, ಬೆರಳಲ್ಲಿ ಒತ್ತಿದರೆ ಪುಡಿಪುಡಿ. ಬೂಸ್ಟಿನ ವಿಷ, ಅಫ್ಲಾಟಾಕ್ಸಿನ್ ಇರಬೇಕು ಎಂದರು.

ಮಾರಿದವರಿಗೆ ಫೋನ್ ಮಾಡಿದರೆ, "ಹಣ್ಣಿನ ಸಿಪ್ಪೆ ಮಾರಾಯ್ರೇ, ನ್ಯಾಚುರಲ್, ಅದರಿಂದ ಏನಾಗ್ತದೆ? ಬೂಸ್ಟು ಕಂಡರೆ ಸ್ವಲ್ಪ ಹುರಿದು ಹಾಕಿ" ಅಂದರು. ಅಫ್ಲಾಟಾಕ್ಸಿನ್ನೂ ನ್ಯಾಚುರಲ್ಲೇ ಅಲ್ವಾ! ಹುರಿದರೆ ಬೂಸ್ಟು ಸಾಯಬಹುದು, ಅದು ಬಿಟ್ಟ ವಿಷ ಹೋಗಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತದ್ದು ಇದೇ ವಿಷದಿಂದ, ಅಲ್ಲಿ ಬೂಸ್ಟು ಹಿಡಿದದ್ದು ಶೇಂಗಾ ಹಿಂಡಿಗೆ. ಬಾತುಕೋಳಿ ಇಟ್ಟವರು ಇನ್ನೂ ಹುಷಾರು, ಬಾತು ಮರಿಗಳಿಗೆ ಇದು ಕೋಳಿಗಿಂತ ಬೇಗ ತಾಗುತ್ತದೆ. ದುಡ್ಡು ವಾಪಸ್ ಬಂದಿಲ್ಲ, ಈಗ ಫೋನೂ ಎತ್ತುವುದಿಲ್ಲ.

ಅನಾನಸ್ಸಿನದ್ದೇನೂ ತಪ್ಪಿಲ್ಲ. ಹಸಿ ಸಿಪ್ಪೆಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರು, ಅದರ ಮೇಲೆ ಸಕ್ಕರೆ ಬೇರೆ, ಡ್ರೈಯರ್ ಇಲ್ಲದೆ ನಮ್ಮ ಜೂನ್ ಜುಲೈನಲ್ಲಿ ಅದು ಒಣಗುವುದಾದರೂ ಹೇಗೆ? ಸರಿಯಾಗಿ ಒಣಗಿದ ಪುಡಿಯೂ ಈ ಹವೆಯಲ್ಲಿ ಬಾಯಿ ಬಿಚ್ಚಿಟ್ಟರೆ ತೇವ ಎಳೆದುಕೊಳ್ಳುತ್ತದೆ. ಖರ್ಚು ಅರ್ಧ ಅನ್ನುವುದೂ ಸುಳ್ಳು. ಸಿಪ್ಪೆಯಲ್ಲಿ ಇರುವುದು ಹೆಚ್ಚಾಗಿ ನಾರು, ಕೋಳಿಗೆ ಅದು ಅಷ್ಟಾಗಿ ಅರಗುವುದಿಲ್ಲ, ಪ್ರೋಟೀನ್ ಕಡಿಮೆ. ಫೀಡಿನ ಜೊತೆ ಒಂದಿಷ್ಟು ಬೆರೆಸಬಹುದೇ ಹೊರತು ಫೀಡಿನ ಬದಲಿಗೆ ಆಗಲ್ಲ.

ತಗೊಳ್ಳಲೇಬೇಕು ಅಂದರೆ ಮೂಟೆಯ ತಳದವರೆಗೆ ಕೈ ಹಾಕಿ ಒಂದು ಹಿಡಿ ತೆಗೆದು ಹಿಸುಕಿ ನೋಡಿ, ಉಂಡೆ ಕಟ್ಟಿದರೆ ಬೇಡ. ಯಾವಾಗ ಒಣಗಿಸಿದ್ದು, ತೇವಾಂಶ ಎಷ್ಟು, ಅಫ್ಲಾಟಾಕ್ಸಿನ್ ಟೆಸ್ಟ್ ಆಗಿದೆಯಾ ಅಂತ ಕೇಳಿ. ತೇವಾಂಶ ಶೇ. 12ಕ್ಕಿಂತ ಕಡಿಮೆ ಇರಬೇಕು. ನಮಗೆ ಕೊಟ್ಟ ಮೂಟೆ ಮೇಲೆ ಇದ್ಯಾವುದೂ ಇರಲಿಲ್ಲ, ದೊಡ್ಡದಾಗಿ ಒಂದು ಹುಂಜದ ಚಿತ್ರ ಮಾತ್ರ ಇತ್ತು.

ಉಳಿದದ್ದನ್ನು ಸುಮ್ನೆ ಎಸೆಯೋ ಬದಲು ದನಕ್ಕೆ ಹಾಕಬಹುದಲ್ಲ ಅಂತ ಪಕ್ಕದ ಮನೆ ಅಕ್ಕ ಕೇಳಿದರು. ಅದೂ ಬೇಡ. ಹಸು ತಿಂದರೆ ಈ ವಿಷ ಹಾಲಿಗೂ ಇಳಿಯುತ್ತದೆ. ಕೋಳಿ ಕೆದಕದ ಕಡೆ ಆಳವಾಗಿ ಗುಂಡಿ ತೋಡಿ ಹುಗಿಯಿರಿ.