ಸೆರಾಮಿಕ್ ಇದ್ದಿಲು ಗ್ರಿಲ್: ಧಾರವಾಡದ ಹಿತ್ತಲಲ್ಲಿ ಮೂರು ವರ್ಷ

ಗ್ರಿಲ್ ಮನೆಗೆ ಬಂದು ಮೂರು ವರ್ಷ ಆಯ್ತು. ಇಷ್ಟರಲ್ಲಿ ಎರಡು ಗ್ಯಾಸ್ಕೆಟ್ (ಗಾಳಿ ಸೋರದ ಹಾಗೆ ಮುಚ್ಚಳದ ಅಂಚಿಗೆ ಅಂಟಿಸುವ ಪಟ್ಟಿ) ಸುಟ್ಟುಹೋಗಿವೆ, ಒಂದು ತಟ್ಟೆ ಒಡೆದಿದೆ, ನನ್ನ ಎಡಗಡೆ ಹುಬ್ಬು ಒಮ್ಮೆ ಹೋಗಿ ಮತ್ತೆ ಬಂದಿದೆ. ಆದರೂ ಮೊನ್ನೆ ಭಾನುವಾರ ಮತ್ತೆ ಹಚ್ಚಿದ್ದೆ. ತಗೋಬೇಕಾ ಬೇಡವಾ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಅದಕ್ಕೇ ಎಲ್ಲ ಒಂದೇ ಕಡೆ ಬರೆದುಬಿಡುತ್ತೇನೆ.

ನನ್ನದು 18 ಇಂಚಿನದು. ಮೊಟ್ಟೆ ಆಕಾರದ ದಪ್ಪ ಸೆರಾಮಿಕ್ ಹಂಡೆ, ಮೇಲೆ ಅಷ್ಟೇ ದಪ್ಪ ಮುಚ್ಚಳ. ಕೆಳಗೊಂದು ಗಾಳಿ ಕಿಂಡಿ, ನೆತ್ತಿಯ ಮೇಲೊಂದು. ಒಳಗೆ ಇದ್ದಿಲು ಹಾಕುವ ಫೈರ್‌ಬಾಕ್ಸ್, ಅದರ ಮೇಲೆ ಬೆಂಕಿ ನೇರವಾಗಿ ತಾಗದ ಹಾಗೆ ಇಡುವ ದಪ್ಪ ತಟ್ಟೆ, ಡಿಫ್ಲೆಕ್ಟರ್ ಅಂತಾರೆ. ಮೇಲೆ ಜಾಲರಿ. ಈ ಜಾತಿಯ ಗ್ರಿಲ್‌ಗೆ ಕಮಾಡೋ ಅಂತ ಹೆಸರು, ಜಪಾನಿ ಭಾಷೆಯಲ್ಲಿ ಒಲೆ ಅಂತ ಅರ್ಥ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿದ್ದ ಅಮೆರಿಕದ ಸೈನಿಕರು ಅಲ್ಲಿ ಅನ್ನ ಬೇಯಿಸುತ್ತಿದ್ದ ಮಣ್ಣಿನ ಒಲೆಗಳನ್ನು ತಮ್ಮ ಊರಿಗೆ ಹೊತ್ತುಕೊಂಡು ಹೋದರು, 1974ರಲ್ಲಿ ಅಟ್ಲಾಂಟಾದಲ್ಲಿ ಬಿಗ್ ಗ್ರೀನ್ ಎಗ್ ಶುರುವಾಯ್ತು, ಆಮೇಲೆ ಬೇರೆ ಬೇರೆ ಕಂಪನಿಗಳು ಬಂದವು. ಇದನ್ನೆಲ್ಲ ಉತ್ಸಾಹದಿಂದ ನಮ್ಮವ್ವನಿಗೆ ಹೇಳಿದೆ. ಅವಳು ಗ್ರಿಲ್‌ನ ಹೊಟ್ಟೆ ಒಮ್ಮೆ ತಟ್ಟಿ ನೋಡಿ, "ಅಂದ್ರ ಒಲಿಗೆ ಮುಚ್ಚಳಾ ಹಾಕ್ಯಾರ. ಅದಕ್ಕ ಇಷ್ಟ ರೊಕ್ಕ ಕೊಟ್ಟೇನು?" ಅಂದಳು. ಸಾಗಣೆ ಎಲ್ಲ ಸೇರಿ 82 ಸಾವಿರ ಬಿದ್ದಿತ್ತು. ಅವಳಿಗೆ 40 ಅಂತ ಹೇಳಿದ್ದೆ.

ಮಾರಿದವರು ಮನೆ ಬಾಗಿಲಿಗೆ ತಲುಪಿಸುತ್ತೇವೆ ಅಂದಿದ್ದರು. ಟ್ರಾನ್ಸ್‌ಪೋರ್ಟಿನವರು ಹುಬ್ಬಳ್ಳಿ ಗೋದಾಮಿನಲ್ಲಿ ಇಳಿಸಿ, "ಬಂದು ಒಯ್ಯಿರಿ ಸರ್" ಅಂತ ಫೋನ್ ಮಾಡಿದರು. ಸ್ಟ್ಯಾಂಡ್ ಸಮೇತ 90 ಕಿಲೋ. ಇಬ್ಬರು ಹಮಾಲರು, ಒಂದು ಬಾಡಿಗೆ ಟಾಟಾ ಏಸ್, ನವಲೂರು ದಾಟುವವರೆಗೂ ನಾನು ಹಿಂದೆ ಕೂತು ಡಬ್ಬವನ್ನು ಅಪ್ಪಿಕೊಂಡೇ ಬಂದೆ. ಮನೆಯಲ್ಲಿ ಬಿಚ್ಚಿ ನೋಡಿದರೆ ಡಿಫ್ಲೆಕ್ಟರ್ ಎರಡು ತುಂಡು. ಫೋಟೋ ಕಳಿಸಿದೆ, ಮೇಲ್ ಹಾಕಿದೆ, ಫೋನ್ ಮಾಡಿದೆ, 40 ದಿನ ಆದ ಮೇಲೆ ಹೊಸದು ಬಂತು. ನನ್ನ ತಪ್ಪೂ ಇದೆ. ಡಬ್ಬ ಬಿಚ್ಚಿ ನೋಡದೆ ಗೋದಾಮಿನಲ್ಲಿ ಸಹಿ ಮಾಡಿದ್ದೆ. ನೀವು ಹಾಗೆ ಮಾಡಬೇಡಿ, ಎಷ್ಟೇ ಅವಸರ ಮಾಡಲಿ, ಅಲ್ಲೇ ಬಿಚ್ಚಿಸಿ, ಒಳಗಿನ ಒಂದೊಂದು ಭಾಗವನ್ನೂ ಬೆರಳಿನಿಂದ ತಟ್ಟಿ ಸದ್ದು ಕೇಳಿ. ಗಟ್ಟಿ ಇದ್ದರೆ ಗಡಿಗೆ ತಟ್ಟಿದ ಹಾಗೆ ಠಣ್ ಅನ್ನುತ್ತೆ, ಬಿರುಕಿದ್ದರೆ ಬೊದ್ದ್ ಅನ್ನುತ್ತೆ. ಸಂತೆಯಲ್ಲಿ ಗಡಿಗೆ ತಗೊಳ್ಳುವಾಗ ಅವ್ವ ಮಾಡುವುದೂ ಇದನ್ನೇ. ಸ್ಟ್ಯಾಂಡ್ ಮೇಲೆ ಎತ್ತುವ ಮುಂಚೆ ಒಳಗಿನದ್ದನ್ನೆಲ್ಲ ತೆಗೆದರೆ ಭಾರ ಸಾಕಷ್ಟು ಇಳಿಯುತ್ತದೆ.

ಮೊದಲ ದಿನವೇ ದೊಡ್ಡ ಬೆಂಕಿ ಹಾಕಬೇಡಿ. ಹೊಸ ಗ್ಯಾಸ್ಕೆಟ್‌ನ ಅಂಟು ಇನ್ನೂ ಕೂತಿರುವುದಿಲ್ಲ, ಸೆರಾಮಿಕ್‌ನಲ್ಲಿ ತೇವ ಇರುತ್ತದೆ. ಮೊದಲ ಎರಡು ಮೂರು ಸಲ 150 ಡಿಗ್ರಿಯ ಆಚೆ ಹೋಗಬಾರದು. ನಾನು ಮೊದಲ ಭಾನುವಾರವೇ ಕಾಕಾನ ಮಕ್ಕಳನ್ನೆಲ್ಲ ಕರೆದು 350ಕ್ಕೆ ಏರಿಸಿ ಮೆರೆದೆ. ಮೊದಲ ಗ್ಯಾಸ್ಕೆಟ್ ಎಂಟು ತಿಂಗಳಿಗೇ ಕರಕಲಾಗಲು ಅದೇ ಕಾರಣ ಅಂತ ನನ್ನ ಗುಮಾನಿ. ಗ್ಯಾಸ್ಕೆಟ್ ಸರಿ ಇದೆಯಾ ನೋಡಲು ಸುಲಭದ ಉಪಾಯ ಇದೆ. ತಣ್ಣಗಿದ್ದಾಗ ಹತ್ತು ರೂಪಾಯಿ ನೋಟು ಮಧ್ಯೆ ಇಟ್ಟು ಮುಚ್ಚಳ ಹಾಕಿ, ಎಳೆಯಿರಿ. ಸರಕ್ಕನೆ ಬಂದರೆ ಅಲ್ಲಿ ಗಾಳಿ ಸೋರುತ್ತಿದೆ. ಮುಚ್ಚಳ ಹಿಡಿದಿರುವ ಕಬ್ಬಿಣದ ಪಟ್ಟಿಯ ನಟ್ಟುಗಳನ್ನೂ ನಾಲ್ಕೈದು ಸಲ ಬಳಸಿದ ಮೇಲೆ ಬಿಗಿ ಮಾಡಲೇಬೇಕು. ಕಾದು ತಣ್ಣಗಾಗಿ ಪಟ್ಟಿ ಸಡಿಲ ಆಗುತ್ತದೆ, ಮುಚ್ಚಳ ಜಾರಿ ಬಿದ್ದರೆ ಕಥೆ ಮುಗೀತು.

ಈಗ ಬೆಂಕಿಯ ವಿಷಯ. ನನಗೆ ಇದು ಅರ್ಥ ಆಗಲು ಸುಮಾರು ಆರು ತಿಂಗಳು ಬೇಕಾಯ್ತು. ಸಾದಾ ಇದ್ದಿಲು ಒಲೆಯಲ್ಲಿ ಕಾವು ಬೇಕಂದ್ರೆ ಇದ್ದಿಲು ಹಾಕುತ್ತೇವೆ, ಬೇಡಂದ್ರೆ ಹಿಂದಕ್ಕೆ ಎಳೆಯುತ್ತೇವೆ. ಇದರಲ್ಲಿ ಇದ್ದಿಲು ತುಂಬಿ ಇರುತ್ತದೆ, ಕಿಂಡಿಯಿಂದ ಎಷ್ಟು ಗಾಳಿ ಬಿಡುತ್ತೀರೋ ಅಷ್ಟು ಮಾತ್ರ ಉರಿಯುತ್ತದೆ. ಎರಡೂ ಕಿಂಡಿ ಬೆರಳಗಲ ತೆರೆದರೆ ನನ್ನದು 120ರ ಸುತ್ತ ನಿಲ್ಲುತ್ತದೆ, ಮೂರು ಬೆರಳು ತೆರೆದರೆ 200 ದಾಟುತ್ತದೆ. ಏರಿಸುವುದು ಸುಲಭ, ಇಳಿಸುವುದು ಭಾರೀ ಕಷ್ಟ. ಗೋಡೆಗಳೇ ಕಾದು ಕೂತಿರುತ್ತವಲ್ಲ, ಕಿಂಡಿ ಮುಚ್ಚಿದರೂ ಒಂದು ತಾಸು ಕಾವು ಕೆಳಗೆ ಬರೋದೇ ಇಲ್ಲ. ಅದಕ್ಕೆ 120 ಬೇಕಿದ್ದರೆ 100ಕ್ಕೆ ಬಂದಾಗಲೇ ಕಿಂಡಿ ಸಣ್ಣ ಮಾಡಬೇಕು, ಮಾಡಿ ಸುಮ್ನೆ ಇಪ್ಪತ್ತು ನಿಮಿಷ ದೂರ ಹೋಗಬೇಕು. ನಾನು ಮೊದಮೊದಲು ಎರಡು ನಿಮಿಷಕ್ಕೊಮ್ಮೆ ತಿರುಗಿಸುತ್ತಾ, ಏರಿತು ಅಂತ ಮುಚ್ಚಿ, ಇಳಿಯಿತು ಅಂತ ತೆರೆದು, ಪೂರ್ತಿ ಮಧ್ಯಾಹ್ನ ಅದರ ಹಿಂದೆ ಓಡಾಡಿದ್ದೇನೆ. ಹೆಂಡತಿ ಕಿಟಕಿಯಿಂದ ನೋಡಿ ನಗುತ್ತಿದ್ದಳು.

ಮುಚ್ಚಳದ ಮೇಲೆ ಕಾವು ತೋರಿಸುವ ಡಯಲನ್ನು ಪೂರ್ತಿ ನಂಬಬೇಡಿ. ತೆಗೆದು ಅದರ ಕಡ್ಡಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ನೋಡಿ. ಜೊತೆಗೆ ಬಂದ ಪುಸ್ತಕದಲ್ಲಿ 100 ತೋರಿಸಬೇಕು ಅಂತ ಇದೆ, ಅದು ಸಮುದ್ರದಂಡೆಯವರ ಲೆಕ್ಕ. ಧಾರವಾಡ ಸಮುದ್ರಮಟ್ಟದಿಂದ 700 ಮೀಟರ್‌ಗಿಂತ ಮೇಲಿದೆ, ಸುಮಾರು 300 ಮೀಟರ್‌ಗೆ ಒಂದು ಡಿಗ್ರಿ ಕಡಿಮೆ ಆಗುತ್ತದೆ, ಹಾಗಾಗಿ ನಮ್ಮಲ್ಲಿ ನೀರು 97, 98ಕ್ಕೇ ಕುದಿಯುತ್ತದೆ. ನನ್ನದು 110 ತೋರಿಸಿತು! ಹಿಂದಿನ ನಟ್ಟು ತಿರುಗಿಸಿ ಸರಿ ಮಾಡಿದೆ. ಅಲ್ಲಿಯವರೆಗೆ ನನ್ನ ಕೋಳಿ ಯಾಕೆ ಎಲುಬಿನ ಹತ್ತಿರ ಕೆಂಪಗೆ ಉಳಿಯುತ್ತಿತ್ತು ಅಂತ ಆವತ್ತು ತಿಳಿಯಿತು. ಕೋಳಿಗೆ ಈಗ ಬೇರೆ ಚುಚ್ಚುವ ಥರ್ಮಾಮೀಟರ್ ಇಟ್ಟಿದ್ದೇನೆ, ಒಳಗೆ 74 ಬಂದ ಮೇಲೇ ಇಳಿಸುವುದು.

ಹುಬ್ಬಿನ ಕಥೆ. 300 ಡಿಗ್ರಿ ಇತ್ತು. ಕಿಂಡಿ ಮುಚ್ಚಿ ಹತ್ತು ನಿಮಿಷ ಆಗಿತ್ತು, ಆರಿರಬೇಕು ಅಂತ ಮುಚ್ಚಳವನ್ನು ಒಂದೇ ಸಲ ಎತ್ತಿದೆ. ಒಳಗೆ ಗಾಳಿ ಇಲ್ಲದೆ ಅರೆಬರೆ ಉರಿದು ಹಸಿದಿದ್ದ ಬೆಂಕಿ, ಗಾಳಿ ಸಿಕ್ಕ ತಕ್ಷಣ ಭುಸ್ ಅಂತ ಮುಖಕ್ಕೇ ಬಂತು. ಮುಂಗೈ ಕೂದಲು, ಒಂದು ಹುಬ್ಬು ಹೋಯ್ತು. ಕಣ್ಣು ಉಳಿಯಿತು, ಪುಣ್ಯ. ಕಾವು ಜಾಸ್ತಿ ಇದ್ದಾಗ ಮುಚ್ಚಳವನ್ನು ಎರಡು ಬೆರಳಷ್ಟು ಎತ್ತಿ, ಎಂಟು ಹತ್ತು ಸೆಕೆಂಡ್ ಹಿಡಿದು, ಒಳಗೆ ಗಾಳಿ ಹೋಗಿ ಗ್ರಿಲ್ ಉಸಿರು ಬಿಟ್ಟ ಮೇಲೆ ಪೂರ್ತಿ ತೆಗೆಯಬೇಕು. ಮುಖ ಪಕ್ಕಕ್ಕೆ ಇರಲಿ. ಮಕ್ಕಳನ್ನು ಹತ್ತಿರ ಬಿಡಲೇಬೇಡಿ. ಇನ್ನೊಂದು, ಇದು ಬಯಲಲ್ಲಿ ಬಳಸುವ ವಸ್ತು. ಮನೆಯೊಳಗೆ, ಮುಚ್ಚಿದ ಬಾಲ್ಕನಿಯಲ್ಲಿ ಹಚ್ಚಿದರೆ ಇದ್ದಿಲಿನ ವಿಷಗಾಳಿ ವಾಸನೆಯೂ ಬಾರದೆ ಜೀವ ತೆಗೆಯುತ್ತದೆ.

ಇದ್ದಿಲು ಎಲ್ಲಿ ಸಿಗುತ್ತೆ ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ತಂದದ್ದು ಇಸ್ತ್ರಿ ಮಾಡುವವರು ತರುವ ಕಡೆಯಿಂದ. ಅಗ್ಗ. ಆದರೆ ಚೀಲದಲ್ಲಿ ಕಾಲು ಭಾಗ ಪುಡಿ, ಅಲ್ಲೊಂದು ಇಲ್ಲೊಂದು ಕಲ್ಲು. ಪುಡಿ ಫೈರ್‌ಬಾಕ್ಸಿನ ತೂತು ಮುಚ್ಚಿಬಿಟ್ಟರೆ ಕಿಂಡಿ ಎಷ್ಟು ತೆರೆದರೂ ಕಾವು ಏರೋದಿಲ್ಲ, ನೀವು ಗ್ರಿಲ್‌ಗೆ ಬೈಯುತ್ತಾ ಕೂರುತ್ತೀರಿ. ಈಗ ಚೀಲ ತಂದ ದಿನವೇ ಹಳೇ ಸೀರೆ ಹಾಸಿ ಸುರಿದು ಆರಿಸುತ್ತೇನೆ. ಮುಷ್ಟಿಗಿಂತ ದೊಡ್ಡವು ತಳಕ್ಕೆ, ನಡುವಿನವು ಮೇಲೆ, ಪುಡಿ ಗುಲಾಬಿ ಗಿಡದ ಕುಂಡಕ್ಕೆ. ಬಳ್ಳಾರಿ ಜಾಲಿಯ ಇದ್ದಿಲು ಚೆನ್ನಾಗಿ ಕಾವು ಕೊಡುತ್ತೆ, ಅಮೆರಿಕದವರು ಮೆಸ್ಕೀಟ್ ಅಂತ ಹೊಗಳುವ ಮರದ ಹತ್ತಿರದ ನೆಂಟ ಅದು. ಆದರೆ ಹೊತ್ತಿಕೊಳ್ಳುವಾಗ ಚಟಪಟ ಸಿಡಿಯುತ್ತದೆ, ಚಪ್ಪಲಿ ಹಾಕಿಕೊಂಡಿರಿ. ತೆಂಗಿನ ಚಿಪ್ಪಿನ ಗಟ್ಟಿಗಳು ತುಂಬ ಹೊತ್ತು ಉರಿಯುತ್ತವೆ, ಬೂದಿ ಜಾಸ್ತಿ. ಹಚ್ಚಲು ಚಿಮಣಿ ಎಣ್ಣೆ, ಪೆಟ್ರೋಲ್ ಯಾವುದೂ ಬೇಡ, ಸೆರಾಮಿಕ್ ಆ ವಾಸನೆಯನ್ನು ಹೀರಿಕೊಂಡರೆ ತಿಂಗಳುಗಟ್ಟಲೆ ಊಟದಲ್ಲಿ ಬರುತ್ತದೆ. ಹತ್ತಿಯ ಉಂಡೆಯನ್ನು ಅಡುಗೆ ಎಣ್ಣೆಯಲ್ಲಿ ಅದ್ದಿ ಇದ್ದಿಲಿನ ಮಧ್ಯೆ ತುರುಕಿ ಹಚ್ಚಿದರೆ ಸಾಕು. ಸಣ್ಣ ಕಾವಿಗೆ ಒಂದು ಉಂಡೆ, ದೊಡ್ಡ ಕಾವಿಗೆ ಮೂರು ಕಡೆ. ಮೊದಲು ಬರುವ ದಟ್ಟ ಬಿಳಿ ಹೊಗೆ ಹೋಗಲಿ, ಅಲ್ಲಿಯವರೆಗೆ ಏನೂ ಇಡಬೇಡಿ.

ಮುಗಿದ ಮೇಲೆ ನೀರು ಹಾಕಬಾರದು, ಸೆರಾಮಿಕ್ ಸೀಳುತ್ತದೆ. ಎರಡೂ ಕಿಂಡಿ ಮುಚ್ಚಿದರೆ ತಾನೇ ಆರುತ್ತದೆ, ಉಳಿದ ಇದ್ದಿಲು ಮುಂದಿನ ವಾರಕ್ಕೆ ಬರುತ್ತದೆ. ಇದರಿಂದ ಖರ್ಚು ನಾನು ಹೆದರಿದ್ದಕ್ಕಿಂತ ಬಹಳ ಕಡಿಮೆ.

ಮಳೆಗಾಲದ್ದು ಬೇರೆಯೇ ಗೋಳು. ಧಾರವಾಡದ ಜಿಟಿಜಿಟಿ ಗೊತ್ತಲ್ವಾ. ನಮ್ಮ ಮನೆಯಲ್ಲಿ ಶ್ರಾವಣದಲ್ಲಿ ಮಾಂಸ ಇಲ್ಲ, ಹಾಗಾಗಿ ಮೊದಲ ವರ್ಷ ಕಿಂಡಿ ಮುಚ್ಚಿ, ಹೊದಿಕೆ ಹಾಕಿ ಐದು ವಾರ ಬಿಟ್ಟೆ. ಗಣಪತಿ ಮುಗಿದ ಮೇಲೆ ಮುಚ್ಚಳ ತೆಗೆದರೆ ಜಾಲರಿಯ ಮೇಲೆಲ್ಲ ಬಿಳಿ ಬೂಷ್ಟು, ಬೆಕ್ಕಿನ ಮರಿಯ ರೋಮದ ಹಾಗೆ! ಗೋಡೆಗೆ ಅಂಟಿದ ಜಿಡ್ಡು, ಒಳಗಿನ ತೇವ, ಗಾಳಿ ಇಲ್ಲ, ಇನ್ನೇನಾಗುತ್ತೆ. ಹಳೇ ಇದ್ದಿಲು ಎಸೆದು, ಹೊಸದು ಹಾಕಿ, 300ರಲ್ಲಿ ಒಂದು ತಾಸು ಖಾಲಿ ಉರಿಸಿದೆ, ತಣ್ಣಗಾದ ಮೇಲೆ ಬ್ರಶ್‌ನಿಂದ ಉಜ್ಜಿದೆ. ಸೋಪು ಮಾತ್ರ ಒಳಗೆ ಹಾಕಬೇಡಿ. ಈಗ ತಗಡಿನ ಮಾಡಿನ ಕೆಳಗೆ ಇಟ್ಟು, ಬಳಸದಿದ್ದಾಗ ಎರಡೂ ಕಿಂಡಿ ತೆರೆದೇ ಬಿಡುತ್ತೇನೆ.

ಊಟದ ವಿಷಯಕ್ಕೆ ಬಂದರೆ, ಯೂಟ್ಯೂಬ್‌ನವರು ಮಾಡುವ ದೊಡ್ಡ ದೊಡ್ಡ ಮಾಂಸದ ಗಡ್ಡೆ ನಮಗೆ ಸಿಗೋದೂ ಇಲ್ಲ, ಬೇಕಾಗೂ ಇಲ್ಲ. ಕುರಿಯ ತೊಡೆಗೆ ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಮೊಸರು ಅರೆದು ಹಚ್ಚಿ, ರಾತ್ರಿ ಇಟ್ಟು, 120ರಲ್ಲಿ ಐದಾರು ತಾಸು ಬಿಟ್ಟರೆ ಒಳಗಿನ ಕಾವು 90 ದಾಟಿದ ಮೇಲೆ ಎಲುಬು ಕೈಗೇ ಬರುತ್ತದೆ. ಬ್ಯಾಡಗಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ, ಹಾಗಾಗಿ ಧಾರಾಳವಾಗಿ ಹಚ್ಚಬಹುದು. ಮುಳಗಾಯಿಯನ್ನು (ಬದನೆಕಾಯಿ) ನೇರವಾಗಿ ಇದ್ದಿಲಿನ ಮೇಲೇ ಸುಟ್ಟು, ಹಸಿಮೆಣಸಿನಕಾಯಿ, ಶೇಂಗಾ ಪುಡಿ ಹಾಕಿ ಕಲಸಿದ್ದು ನನ್ನ ಪ್ರಕಾರ ಈ ಗ್ರಿಲ್‌ನ ಅತ್ಯುತ್ತಮ ಕೆಲಸ, 82 ಸಾವಿರ ಕೊಡದೆಯೂ ಮಾಡಬಹುದಿತ್ತು ಅನ್ನೋದು ಬೇರೆ ಮಾತು. ಗೋವಿನಜೋಳದ ತೆನೆ ಚೆನ್ನಾಗಿ ಆಗುತ್ತೆ. ಮಕ್ಕಳಿಗೆ ಪಿಜ್ಜಾ ಆಗುತ್ತೆ. ಜೋಳದ ರೊಟ್ಟಿ ಪ್ರಯತ್ನ ಮಾಡಬೇಡಿ. ರೊಟ್ಟಿಗೆ ಮುಚ್ಚಳ ತೆರೆದೇ ಇರಬೇಕು, ತೆರೆದರೆ ಬೆಂಕಿ ಕೈ ಮೀರುತ್ತದೆ, ಮೂರನೇ ರೊಟ್ಟಿಗೆ ಹಂಚಿನಿಂದ ಹೊಗೆ ಎದ್ದಿತು. ಹಾವೇರಿಯಿಂದ ಕಾಕಾನ ಮಗ ಸೀತನಿ, ಅಂದ್ರೆ ಎಳೆ ಜೋಳದ ತೆನೆ ತಂದಾಗ ಅದನ್ನೂ ಸುಟ್ಟು ನೋಡಿದೆವು. ಕಾಳು ಬೆಂದವು, ಆದರೆ ಹೊಲದಲ್ಲಿ ಕುಳ್ಳಿನ ಕೆಂಡದಲ್ಲಿ ಸುಟ್ಟು ಅಂಗೈಯಲ್ಲಿ ತಿಕ್ಕಿ ತಿಂದ ವಾಸನೆ ಬರಲಿಲ್ಲ.

ಕಿಂಡಿ ಮುಚ್ಚಿದ ಮೇಲೂ ಉಳಿಯುವ ಕಾವು ಸುಮ್ನೆ ಹೋಗುತ್ತಲ್ಲ ಅಂತ ಮೊದಲು ಯೋಚಿಸಿದ್ದು ಅವ್ವನೇ. ಕೋಳಿ ಮಾಡಿದ ದಿನ ಮಾತ್ರ ಹತ್ತಿರ ಬರೋದಿಲ್ಲ, ತರಕಾರಿಯ ದಿನ, ಅದೂ ಒಮ್ಮೆ ಖಾಲಿ ಉರಿಸಿ ಕೊಟ್ಟರೆ. ಮಣ್ಣಿನ ಗಡಿಗೆಯಲ್ಲಿ ಎಮ್ಮೆ ಹಾಲು ಹಾಕಿ ಡಿಫ್ಲೆಕ್ಟರ್ ಮೇಲೆ ಇಡುತ್ತಾಳೆ. ಕೆಳಗಿನ ಕಿಂಡಿ ಮುಚ್ಚುವುದು, ಮೇಲಿನದು ಕಡ್ಡಿಯಷ್ಟು ತೆರೆದಿರಬೇಕು, ಪೂರ್ತಿ ಮುಚ್ಚಿದರೆ ಹಾಲಿಗೆ ಕಮಟು ಹೊಗೆ ಹಿಡಿಯುತ್ತೆ. ಮೂರು ತಾಸಿಗೆ ಹಾಲು ತಿಳಿ ಗುಲಾಬಿ ಆಗಿ, ಮೇಲೆ ಕಂದು ಅಂಚಿನ ದಪ್ಪ ಕೆನೆ ಕಟ್ಟಿರುತ್ತದೆ. ಮರುದಿನದ ಮೊಸರನ್ನು ಚಮಚದಿಂದ ಕೊಯ್ಯಬೇಕು. "ಕುಳ್ಳಿನ ಒಲಿ ಹಾಲಿನ ಹಂಗ ಐತಿ, ಸ್ವಲ್ಪ ಕಮ್ಮಿ" ಅಂತಾಳೆ. ಆ ಸ್ವಲ್ಪವನ್ನು ಯಾವತ್ತೂ ಬಿಟ್ಟುಕೊಟ್ಟಿಲ್ಲ.

ಅಪಾರ್ಟ್‌ಮೆಂಟ್‌ನಲ್ಲಿ ಇದ್ದರೆ, ಅಥವಾ ಅರ್ಧ ತಾಸಿನಲ್ಲಿ ನಾಲ್ಕು ಪನೀರ್ ಕಡ್ಡಿ ಸುಟ್ಟುಕೊಳ್ಳುವುದಷ್ಟೇ ಬೇಕಿದ್ದರೆ ಇದರ ಸಹವಾಸ ಬೇಡ, ಕಾಯಲು ಮುಕ್ಕಾಲು ತಾಸು ಬೇಕು. ತಗೊಳ್ಳುವವರು ಗ್ಯಾಸ್ಕೆಟ್, ಡಿಫ್ಲೆಕ್ಟರ್ ಬಿಡಿಯಾಗಿ ಸಿಗುತ್ತಾ ಅಂತ ಮೊದಲೇ ಕೇಳಿ ತಗೊಳ್ಳಿ.

ಕಳೆದ ವರ್ಷ ನನ್ನ ಫೈರ್‌ಬಾಕ್ಸಿನಲ್ಲೂ ಒಂದು ಬಿರುಕು ಕಾಣಿಸಿತು, ಮೇಲಂಚಿನಿಂದ ಕೆಳಗೆ ನಾಲ್ಕು ಇಂಚು. ಇಂಥ ಬಿರುಕು ಈ ಗ್ರಿಲ್‌ಗಳಲ್ಲಿ ಸಾಮಾನ್ಯ, ತುಂಡಾಗಿ ಬೀಳುವವರೆಗೆ ಅಡುಗೆಗೇನೂ ತೊಂದರೆ ಇಲ್ಲ, ಹೊರಗಿನ ಹಂಡೆಗೆ ಬಂದರೆ ಮಾತ್ರ ಚಿಂತೆ. ಬಿರುಕು ಮುಗಿಯುವ ಜಾಗಕ್ಕೆ ಮೊಳೆಯಿಂದ ಒಂದು ಗೀರು ಹಾಕಿಟ್ಟಿದ್ದೇನೆ. ದೀಪಾವಳಿಗೆ ಹಾಕಿದ್ದು. ಮೊನ್ನೆ ಬೂದಿ ತೆಗೆಯುವಾಗ ನೋಡಿದೆ, ಇನ್ನೂ ಗೀರಿನ ಹತ್ತಿರವೇ ನಿಂತಿದೆ.