ಐ7 ಎಂದು ನಂಬಿ 2011ರ ಚಿಪ್ ಮನೆಗೆ ತಂದೆ

ವಿಜಯಪುರದಲ್ಲಿ ಹದಿನೈದು ವರ್ಷಗಳಿಂದ ಮದುವೆ ಫೋಟೊ, ವಿಡಿಯೊ ಕೆಲಸ ಮಾಡುತ್ತಿರುವ ನಾನು ಕಂಪ್ಯೂಟರ್ ಕೊಳ್ಳುವಾಗ ಮೋಸಹೋದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ನಮ್ಮ ಓಣಿಯ ಇನ್ನೊಬ್ಬರು ಅದೇ ಅಂಗಡಿಯಲ್ಲಿ ಅದೇ ‘ಐ7 ಸೆಟ್’ (ಇಂಟೆಲ್ ಕಂಪನಿಯ ಮೇಲ್ದರ್ಜೆಯ ಐ7 ಚಿಪ್ ಇರುವ ಕಂಪ್ಯೂಟರ್) ನೋಡಿ ಬಂದಿದ್ದಾರೆಂದು ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ.

ನಾನು ಕೇಳಿದ್ದು ಅದಕ್ಕಿಂತ ಕೆಳದರ್ಜೆಯ ಇಂಟೆಲ್ ಐ3-12100 ಚಿಪ್ ಇರುವ ಕಂಪ್ಯೂಟರ್. ಬಾಗಲಕೋಟೆಯಲ್ಲಿರುವ ನನ್ನ ಸೋದರಳಿಯ ಅದರಲ್ಲಿಯೇ ಎಡಿಟಿಂಗ್ ಮಾಡುತ್ತಾನೆ. ಅಂಗಡಿಯವನು ನಕ್ಕು, “ಐ ತ್ರೀ ಯಾಕ್ರೀ ಸರ, ಅದ ರೊಕ್ಕದಾಗ ಐ ಸೆವೆನ್ ಕೊಡ್ತೀನಿ” ಎಂದ. ಎರಡಕ್ಕೂ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಏಕಕಾಲಕ್ಕೆ ನಡೆಸುವ ಕೆಲಸದ ಸಾಲು). ಐ3 ವೇಗ 3.3 ಗಿಗಾಹರ್ಟ್ಸ್ (ಸೆಕೆಂಡಿಗೆ 330 ಕೋಟಿ ಆವರ್ತ), ಇದರದ್ದು 3.4 ಎಂದು ಚೀಟಿಯ ಮೇಲೆ ಬರೆದೂ ತೋರಿಸಿದ. ಬರೆದದ್ದರಲ್ಲಿ ಒಂದಂಕಿಯೂ ಸುಳ್ಳಲ್ಲ, ಅದೇ ನನಗೆ ಇಂದಿಗೂ ಉರಿಯುವ ಸಂಗತಿ. 27,000 ರೂಪಾಯಿಗೆ ಮಾತು ಮುಗಿಸಿ, 25,000 ಎಣಿಸಿಕೊಟ್ಟು, ಬಣ್ಣದ ದೀಪಗಳು ಮಿನುಗುವ ಡಬ್ಬಿಯನ್ನು ಹೆಮ್ಮೆಯಿಂದ ಹೊತ್ತು ತಂದೆ.

ಕ್ಯಾಮೆರಾದ ಎಚ್.265 (ಹೆಚ್ಚು ಕುಗ್ಗಿಸಿ ಉಳಿಸುವ ಬಗೆ) ವಿಡಿಯೊ ಹಾಕಿದ ದಿನವೇ ಅದು ತಡವರಿಸತೊಡಗಿತು. ಸೋದರಳಿಯ ಬಂದವನು ಟಾಸ್ಕ್ ಮ್ಯಾನೇಜರ್ (ಚಿಪ್ಪಿನ ಹೆಸರು ತೋರಿಸುವ ವಿಂಡೋಸ್ ಪರದೆ) ತೆರೆದು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮಾಮಾ, ಇದು ಐ7-2600 ಐತಿ. ಎರಡನೇ ಜನರೇಷನ್” ಎಂದ. 2011ರ ಚಿಪ್! ನಾನು ಸ್ಟುಡಿಯೊ ಆರಂಭಿಸಿದ ಕಾಲದ್ದು! ಪಕ್ಕದಲ್ಲಿ ಕೆಲಸದ ಹುಡುಗ ನಿಂತಿದ್ದ. ಅವನ ಮುಖ ನೋಡಲು ನನಗಾಗಲಿಲ್ಲ.

ಐ3-12100 ಬಂದದ್ದು 2022ರಲ್ಲಿ. ಗಿಗಾಹರ್ಟ್ಸ್ ಹೆಚ್ಚುಕಡಿಮೆ ಒಂದೇ ಇದ್ದರೂ ಹೊಸ ಚಿಪ್ ಪ್ರತಿ ಆವರ್ತದಲ್ಲಿ ಮಾಡುವ ಕೆಲಸವೇ ಬಹಳ ಹೆಚ್ಚು. ಭಾರ ಬಿದ್ದಾಗ ಅದು 4.3ರವರೆಗೆ ಏರುತ್ತದೆ, ನನ್ನದು 3.8ಕ್ಕೆ ನಿಲ್ಲುತ್ತದೆ. ಎಚ್.265 ಬಿಡಿಸುವ ವ್ಯವಸ್ಥೆ ಅದರ ಒಳಗೇ ಇದೆ, ನನ್ನದರಲ್ಲಿ ಇಲ್ಲ. ಎರಡರಲ್ಲಿಯೂ ಸಿನೆಬೆಂಚ್ ಎಂಬ ವೇಗ ಅಳೆಯುವ ತಂತ್ರಾಂಶ ನಡೆಸಿದಾಗ ನನ್ನ ‘ಐ7’ಗೆ ಆ ಐ3 ಪಡೆದ ಅಂಕಗಳ ಅರ್ಧವೂ ಬರಲಿಲ್ಲ. ವಿಂಡೋಸ್ 11 ಕೂಡ ಎಂಟನೇ ಜನರೇಷನ್‌ಗಿಂತ ಹಳೆಯ ಇಂಟೆಲ್ ಚಿಪ್‌ಗಳನ್ನು (ಕೆಲವನ್ನು ಬಿಟ್ಟರೆ) ಅಧಿಕೃತವಾಗಿ ಒಪ್ಪುವುದಿಲ್ಲ.

ಅಂಗಡಿಗೆ ಹೋದರೆ ಸಿಕ್ಕ ಉತ್ತರ: “ಐ ಸೆವೆನ್ ಅಂದಿದ್ದೆ, ಐ ಸೆವೆನ್ನ ಕೊಟ್ಟೀನಿ. ಜನರೇಷನ್ ನೀವು ಕೇಳ್ಲೇ ಇಲ್ಲಲ್ರೀ.” ಹೊಸದೆಂದು ಹೇಳಿದ್ದೆಯಲ್ಲ ಎಂದರೆ, “ಬೋರ್ಡ್ ಹೊಸಾದು ಅಂದಿದ್ದೆ.” ಅಂದರೆ ಚಿಪ್ ಕೂಡಿಸುವ ಹಲಗೆ ಮಾತ್ರ. ಕೊನೆಗೆ ನಾಲ್ಕು ಜನ ಗಿರಾಕಿಗಳ ಎದುರು, “ಸ್ಟುಡಿಯೊ ನಡಸ್ತೀರಿ, ಇಷ್ಟೂ ಗೊತ್ತಿಲ್ಲೇನ್ರಿ?” ಎಂದ. ವಾಪಸ್ ತೆಗೆದುಕೊಳ್ಳಲು 11,000 ಕೊಡುತ್ತಾನಂತೆ. ಅಂದರೆ ಅದರ ಬೆಲೆ ಅವನಿಗೆ ಮೊದಲೇ ಗೊತ್ತಿತ್ತು.

ಐ7 ನಂತರದ ಪೂರ್ತಿ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿ, ಹಣ ಕೊಡುವ ಮೊದಲು ಅಂಗಡಿಯಲ್ಲಿಯೇ ಯಂತ್ರ ಚಾಲೂ ಮಾಡಿಸಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಆ ಸಂಖ್ಯೆ ನೋಡಿರಿ. ನನ್ನ ಬಿಲ್ಲಿನಲ್ಲಿ ‘ಐ7 ಸಿಪಿಯು’ ಎಂದಷ್ಟೇ ಇದೆ, ಆದ್ದರಿಂದ ಎಲ್ಲಿ ದೂರು ಕೊಡುವುದಿದ್ದರೂ ಮೊದಲ ಪ್ರಶ್ನೆಗೇ ನಾನು ಬಾಯಿ ಮುಚ್ಚಬೇಕು.

ಬಾಕಿ 2,000 ರೂಪಾಯಿಗಾಗಿ ಅವನು ನಿನ್ನೆಯೂ ಫೋನ್ ಮಾಡಿದ್ದ.